ಉಳ್ಗೆಲ್ಲಾ ಜ್ವರ

ಸಾಸಿವೆ ಕಾಳಿಗಿಂತ ಚಿಕ್ಕದು. ಹಸಿರು. ಫೋನಿನ ಪರದೆಯ ಬಲ ಮೂಲೆಯಲ್ಲಿ, ಬ್ಯಾಟರಿ ಗುರುತಿನ ಪಕ್ಕದಲ್ಲಿ.

ಆ ಚುಕ್ಕೆಯನ್ನು ನಾನು ನೋಡಿದ್ದು ಭಾನುವಾರ ಸಂಜೆ ಐದೂ ಹತ್ತಕ್ಕೆ. ಫೋನು ನನ್ನದಲ್ಲ, ನನ್ನ ಚಿಕ್ಕವ್ವನದು. ಮಧುವನಹಳ್ಳಿಯ ಅವಳ ಮನೆಯ ಜಗುಲಿಯಲ್ಲಿ, ಹಿಪ್ಪುನೇರಳೆ ಸೊಪ್ಪು ಹೊರುವ ಗೋಣಿತಾಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಯಾರೂ ಅದರಲ್ಲಿ ಮಾತಾಡುತ್ತಿರಲಿಲ್ಲ. ವಿಡಿಯೊ ಓಡುತ್ತಿರಲಿಲ್ಲ. ಹಾಡೂ ಇಲ್ಲ.

ಹಸಿರು ಚುಕ್ಕೆ ಎಂದರೆ ಗೊತ್ತಲ್ಲ? ಮೈಕ್ ಆನ್ ಇದೆ ಎಂದರ್ಥ. (ಗೊತ್ತಿಲ್ಲದಿದ್ದರೆ ಪತ್ರಿಕೆ ಮಡಚಿಟ್ಟು ಒಮ್ಮೆ ನಿಮ್ಮ ಫೋನ್ ನೋಡಿ ಬನ್ನಿ. ನಾನು ಕಾಯುತ್ತೇನೆ.)

“ಚಿಕ್ಕವ್ವ, ಈ ಚುಕ್ಕೆ ಯಾವಾಗಿಂದ ಅದೆ?”

“ಅದು ಯಾವಾಗ್ಲೂ ಇದ್ದದೆ ಕಣವ್ವ. ಬ್ಯಾಟ್ರೀದು ಇರ್ಬೇಕು, ಬುಡು.”

ಬಿಡಲಿಲ್ಲ. ಪರದೆ ಎಳೆದು ನೋಡಿದೆ. ಹೋದ ತಿಂಗಳು ಸರ್ವೆಯವರು ಮನೆಮನೆಗೆ ಬಂದು ಹಾಕಿಕೊಟ್ಟಿದ್ದ ಆರೋಗ್ಯದ ಆ್ಯಪ್. (ಹೆಸರು ಬರೆಯುವುದಿಲ್ಲ. ಅದಕ್ಕೆ ಪ್ರಚಾರ ಕೊಡುವ ಮನಸ್ಸಿಲ್ಲ.) ವಾರಕ್ಕೊಮ್ಮೆ ಅದು ತಾನಾಗಿಯೇ ಎದ್ದು ‘ಮನೆಯಲ್ಲಿ ಯಾರಿಗಾದರೂ ಜ್ವರವೇ?’ ಎಂದು ಕೇಳುತ್ತದೆ. ಇದ್ದರೆ ಬಾಯಲ್ಲಿ ಹೇಳಬೇಕು. ಅದು ಕೇಳಿಸಿಕೊಂಡು, ಬರೆದುಕೊಂಡು, ಕಚೇರಿಗೆ ಕಳುಹಿಸುತ್ತದೆ. ಓದು ಬರಹ ಬಾರದವರಿಗೆ ಅನುಕೂಲ ಎಂದಿದ್ದರಂತೆ. ಹಾಕುವಾಗ ಮೈಕ್, ಕ್ಯಾಮೆರಾ, ಲೊಕೇಶನ್ ಎಲ್ಲಕ್ಕೂ ಅಪ್ಪಣೆ ಕೇಳಿತ್ತಂತೆ. ಎಲ್ಲಕ್ಕೂ ಹೂಂ ಎಂದು ಒತ್ತಿದ ಬೆರಳು ಚಿಕ್ಕವ್ವನದು. ಆ ಬೆರಳನ್ನು ಹಿಡಿದಿದ್ದ ಕೈ ಸರ್ವೆಯವರದು.

ಆ್ಯಪ್ ಮುಚ್ಚಿದೆ. ಚುಕ್ಕೆ ಆರಿತು. ಮುಗಿಯಿತು ಎಂದುಕೊಂಡೆ.

ಎಂ.ಎ. ಓದಿದವಳು. ಇಷ್ಟು ಸುಲಭವಾಗಿ ಯಾವುದೂ ಮುಗಿಯುವುದಿಲ್ಲ ಎಂದು ತಿಳಿದಿರಬೇಕಿತ್ತು.

ಚುಕ್ಕೆ ಉರಿಯುತ್ತಿದ್ದ ಆ ಹೊತ್ತಿನಲ್ಲಿ ನಾವಿಬ್ಬರೂ ಆಡಿದ್ದು ಏನು? ಮೊದಲ ಮಾತು ಎಲ್ಲ ರೇಷ್ಮೆ ಮನೆಗಳ ಜಗುಲಿಯ ಮಾತೇ. ನಾನು ಕೊಳ್ಳೇಗಾಲದಿಂದ ಆಗಷ್ಟೇ ಬಂದಿದ್ದೆ. (ಸೋಮವಾರ ನನಗೆ ವಾರದ ರಜೆ. ಎಲ್ಲಿ ಕೆಲಸ ಎನ್ನುವುದು ಈ ಬರಹಕ್ಕೆ ಬೇಡ.) ಚಪ್ಪಲಿ ಬಿಡುತ್ತ ಕೇಳಿದೆ: “ಹುಳ ಹೆಂಗವೆ?”

“ಇನ್ನೂರ್ ಮೊಟ್ಟೆ ಕಣವ್ವ. ಉಳ್ಗೆಲ್ಲಾ ಜ್ವರ. ಒಂದೂ ತಿಂತಿಲ್ಲ, ಒಂದೂ ಅಲ್ಲಾಡ್ತಿಲ್ಲ. ಬಾಗ್ಲು ಆಕ್ಬುಟ್ಟಿವ್ನಿ.”

ರೇಷ್ಮೆ ಸಾಕದ ಊರಿನ ಓದುಗರಿಗೆ ಎರಡು ಮಾತು. ಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ಅದು ಸೊಪ್ಪು ಬಿಟ್ಟು, ತಲೆ ಎತ್ತಿ, ಕಲ್ಲಿನಂತೆ ಕೂರುತ್ತದೆ. ಇದನ್ನೇ ನಮ್ಮ ಕಡೆ ‘ಜ್ವರ’ ಎನ್ನುವುದು. ಕಾಯಿಲೆಯಲ್ಲ, ಬೆಳವಣಿಗೆ. ಇನ್ನು ‘ಮೊಟ್ಟೆ’ ಎಂದರೆ ಅಳತೆ. ಒಂದು ಚಿಟ್ಟೆ ಇಟ್ಟಷ್ಟು ಒಂದು ಮೊಟ್ಟೆ. ಇನ್ನೂರು ಮೊಟ್ಟೆ ಎಂದರೆ ಎಣಿಸಲಾರದಷ್ಟು ಹುಳು.

ಜ್ವರಕ್ಕೆ ಕೂತ ಹುಳುವನ್ನು ಅಲುಗಿಸಬಾರದು. ಹುಳು ಮನೆಯ ಬಾಗಿಲು ತೆಗೆಯಬಾರದು. ಹೊರಗಿನವರು ಒಳಗೆ ಹೋಗಬಾರದು. ನಾನೂ ಹೋಗುವಂತಿಲ್ಲ. “ನೀನು ಬಸ್ಸಲ್ ಬಂದೋಳು, ಎಲ್ಲೆಲ್ಲಿ ಕೂತು ಬಂದಿದ್ದೀಯೋ” ಎನ್ನುತ್ತಾಳೆ ಚಿಕ್ಕವ್ವ. ಅವಳು ಒಬ್ಬಳೇ ಸಾಕುತ್ತಾಳೆ. ಹೋದ ಸಲದ ಬೆಳೆ ಸುಣ್ಣಕಟ್ಟು ರೋಗಕ್ಕೆ ಪೂರ್ತಿ ಹೋಗಿತ್ತು. “ಈ ಕಿತನೂ ಓದ್ರೆ ತೋಟ ಕಿತ್ತಾಕ್ಬುಟ್ಟು ಸುಮ್ಕೆ ಕೂತ್ಕತೀನಿ” ಎಂದಿದ್ದಳು. ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಅದಕ್ಕೇ ಆ ಮಾತಿಗೆ ನನಗೆ ಭಯ.

ಸೋಮವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಮನೆ ಮುಂದೆ ಒಂದು ಗೂಡ್ಸ್ ಆಟೊ ನಿಂತಿತು. ಇಬ್ಬರು ಇಳಿದರು. ಒಬ್ಬರ ಹೆಗಲಲ್ಲಿ ಸೊಳ್ಳೆಗೆ ಹೊಗೆ ಬಿಡುವ ಯಂತ್ರ. ಇನ್ನೊಬ್ಬರ ಕೈಯಲ್ಲಿ ಟ್ಯಾಬ್.

“ಪೇಶಂಟ್ಸ್ ಎಲ್ಲಿ?” ಎಂದರು ಟ್ಯಾಬಿನವರು.

“ಯಾರಪ್ಪಾ?”

“ಜ್ವರದವರು ಅಮ್ಮಾ. ಇನ್ನೂರು ಜನ ಅಂತ ಬಂದಿದೆ.”

ಚಿಕ್ಕವ್ವ ತಿರುಗಿ ತನ್ನ ಪುಟ್ಟ ಮನೆಯನ್ನು ಒಮ್ಮೆ ನೋಡಿದಳು. “ಇನ್ನೂರ್ ಜನ್ವಾ? ಈ ಅಟ್ಟೀಲಾ? ನನ್ ಮದ್ವೆಗೇ ಅಷ್ಟ್ ಜನ ಬರ್ನಿಲ್ಲ ಕಣಪ್ಪ!”

“ಬೀದಿದೆಲ್ಲ ಸೇರಿ ಇರ್ಬೇಕು ಅಂದ್ಕೊಂಡ್ವಿ. ನೀವೇ ಹೇಳಿರೋದಲ್ವಾ ಇದು?” ಅವರು ಟ್ಯಾಬ್ ನೋಡಿ ಓದಿದರು. ಒಂದಕ್ಷರ ಬಿಡದೆ ಕೊಡುತ್ತೇನೆ:

“ಸಂಖ್ಯೆ: ಇನ್ನೂರು. ಸೇವಿಸಿದ ಆಹಾರ: ಮೊಟ್ಟೆ. ಉಳಿದವರಿಗೆಲ್ಲಾ ಜ್ವರ. ಯಾರೂ ತಿನ್ನುತ್ತಿಲ್ಲ. ಅಲುಗಾಡುತ್ತಿಲ್ಲ. ಬಾಗಿಲು ಹಾಕಿದ್ದಾರೆ.”

ನನಗೆ ಹಿಂದಿನ ಸಂಜೆಯ ಹಸಿರು ಚುಕ್ಕೆ ನೆನಪಾಯಿತು. ನಾನು ಮುಚ್ಚುವ ಹೊತ್ತಿಗೆ ಅದು ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿತ್ತು.

“ಮೊಟ್ಟೆಯಾ?” ಎಂದಳು ಚಿಕ್ಕವ್ವ. ಹಣೆಯ ವಿಭೂತಿ ಮೇಲಕ್ಕೇರಿತು. “ನಮ್ಮತ್ತೆ ಕಾಲ್ದಿಂದ್ಲೂ ಈ ಒಸ್ಲು ದಾಟ್ನಿಲ್ಲ ಕಣಯ್ಯ ಮೊಟ್ಟೆ! ಯಾವನ್ಲಾ ಅವ್ನು ಬರ್ದೋನು?”

“ಯಾರೂ ಬರೆದಿಲ್ಲಮ್ಮ. ಸಿಸ್ಟಮ್ಮೇ ಬರ್ಕೊಂಡಿದೆ.”

“ಕರಿ ಆ ಸಿಸ್ಟಮ್ಮನ್ನ ಇಲ್ಲಿಗೆ.”

(ಗಮನಿಸಿ. ಇನ್ನೂರು ಜನರನ್ನು ಜ್ವರದಲ್ಲಿ ಕೂಡಿಹಾಕಿದ್ದಾಳೆ ಎಂಬ ಆರೋಪಕ್ಕೆ ಅವಳು ಕೆರಳಲಿಲ್ಲ. ಮೊಟ್ಟೆಗೆ ಕೆರಳಿದಳು.)

ಅಷ್ಟರಲ್ಲಿ ಯಂತ್ರ ಹೊತ್ತವರು ಅದನ್ನು ನೆಲಕ್ಕಿಳಿಸಿ, ಜಗುಲಿ ಕಟ್ಟೆಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ್ದರು. ಹೆಸರು ಸಿದ್ದರಾಜು. ಯಳಂದೂರು ಕಡೆಯವರು. ಅವರ ತಾಯಿಯೂ ಹುಳು ಸಾಕುತ್ತಾರೆಂದು ಆಮೇಲೆ ತಿಳಿಯಿತು.

“ಸಾ... ಉಳಾ ಸಾ! ಉಳ! ಜ್ವರಕ್ಕೆ ಕೂತವೆ! ಉಳ್ದೋರಲ್ಲ, ಉಳ!”

ಎರಡು ಸೆಕೆಂಡು. ಹೆಚ್ಚೆಂದರೆ ಮೂರು. ಒಬ್ಬ ಮನುಷ್ಯನಿಗೆ ಅರ್ಥವಾಗಲು ಹಿಡಿದದ್ದು ಅಷ್ಟೇ.

ಟ್ಯಾಬಿನವರು ಬೇರೆ ಜಿಲ್ಲೆಯವರು, ಇಲ್ಲಿಗೆ ಬಂದು ಮೂರು ವಾರವಾಗಿತ್ತು. ಸಿದ್ದರಾಜು ಬಿಡಿಸಿ ಹೇಳಿದ ಮೇಲೆ ಅವರೂ ಸ್ವಲ್ಪ ನಕ್ಕರು. ನಗು ಮುಗಿದ ಮೇಲೆ ಬುದ್ಧಿವಾದ ಶುರುವಾಯಿತು.

“ನೀವು ‘ಹುಳು’ ಅಂತ ಕ್ಲಿಯರ್ ಆಗಿ ಹೇಳಿದ್ರೆ ಈ ಪ್ರಾಬ್ಲಮ್ಮೇ ಇರ್ತಿರಲಿಲ್ಲ ಅಮ್ಮಾ.”

“ಕಿಲೀರಾಗೇ ಅಂದಿವ್ನಿ. ಉಳ.”

“ಉಳ ಅಲ್ಲ. ಹುಳು.”

“ಅದೇಯ. ಉಳ.”

“ಹು... ಹು...”

“ಯಾಕಪ್ಪಾ ಊದ್ತಿದ್ದೀಯ, ಬಾಯಿ ಸುಟ್ಕಂಡ್ಯಾ?”

ನೋಡಿ, ಎಷ್ಟು ಬೇಗ ತಪ್ಪು ಮಾತಾಡಿದವಳದ್ದಾಯಿತು! ಕೇಳಿಸಿಕೊಂಡದ್ದರದ್ದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಜನ ಹಕಾರದ ಹಂಗಿಲ್ಲದೆ ಹುಟ್ಟಿ, ಮದುವೆಯಾಗಿ, ಜಗಳವಾಡಿ, ರಾಜಿಯಾಗಿ ಬದುಕಿದ್ದಾರೆ. ಯಾರಿಗೂ ಯಾರ ಮಾತೂ ತಪ್ಪಾಗಿ ಕೇಳಿಸಿಲ್ಲ. ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿ ಮೊದಲ ವರ್ಷ ನಾನು ಕಲಿತ ಮೊದಲ ಪಾಠ ಹಕಾರ. ರೂಮಿನವರು ನಗುತ್ತಾರೆಂದು ಕಲಿತೆ. ಈಗ ಚಿಕ್ಕವ್ವ ಒಂದು ಫೋನು ನಗಬಾರದೆಂದು ಕಲಿಯಬೇಕೆ?

ಕೇಳಿದೆ: “ಅವಳು ನಿಮ್ಮ ಆ್ಯಪಿಗೆ ಹೇಳಲೇ ಇಲ್ಲ. ನನಗೆ ಹೇಳಿದ್ದು. ಅದಕ್ಕೆ ಹೇಗೆ ಕೇಳಿಸಿತು?”

“ಹೊಸ ವರ್ಷನ್‌ನಲ್ಲಿ ಒಂದು ಬಗ್ ಇದೆ ಮೇಡಂ. ಪ್ರಶ್ನೆ ಕೇಳಿ ಮೂವತ್ತು ಸೆಕೆಂಡ್ ಆದ್ಮೇಲೆ ಮೈಕ್ ಆಫ್ ಆಗ್ಬೇಕು. ಕೆಲವು ಫೋನ್‌ಗಳಲ್ಲಿ ಆಗ್ತಿಲ್ಲ. ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ಸರಿ ಮಾಡ್ತಾರಂತೆ.”

ಎಷ್ಟು ತಣ್ಣಗೆ ಹೇಳಿದರು! ಮನೆಯ ಗೋಡೆಯೊಂದು ಇಲ್ಲ, ಮುಂದಿನ ತಿಂಗಳು ಕಟ್ಟಿಸುತ್ತೇವೆ ಎಂದ ಹಾಗೆ.

“ಸರಿ, ಬಾಗಿಲು ತೆಗೀರಿ,” ಎಂದರು ಅವರು. “ಒಂದು ಫೋಟೊ ತೆಗೆದು, ಒಳಗೆ ಹುಳ ಇರೋದು ಅಂತ ರಿಮಾರ್ಕ್ಸ್ ಹಾಕ್ತೀನಿ.”

“ತಗಿಯಕಿಲ್ಲ.”

“ಒಂದೇ ನಿಮಿಷ ಅಮ್ಮಾ.”

“ಒಂದ್ ಗಳ್ಗೇನೂ ಇಲ್ಲ. ಜ್ವರಕ್ಕೆ ಕೂತವೆ ಅಂತ ಏಳ್ನಿಲ್ವಾ?”

ಅವರು ನನ್ನ ಕಡೆ ತಿರುಗಿದರು. ಓದಿದವಳು, ಅರ್ಥ ಮಾಡಿಕೊಂಡಾಳು ಎಂಬ ನೋಟ. “ನೀವು ನೋಡಿದ್ರಾ ಮೇಡಂ, ಒಳಗೆ?”

“ಇಲ್ಲ.”

“ಮತ್ತೆ ಒಳಗಿರೋದು ಹುಳಾನೇ ಅಂತ ಹೇಗೆ ಹೇಳ್ತೀರಿ?”

“ಚಿಕ್ಕವ್ವ ಹೇಳಿದ್ದಾಳೆ.”

“ಹಾಗಲ್ಲ ಮೇಡಂ... ಸಿಸ್ಟಮ್‌ನಲ್ಲಿ ಬೇರೆ ಬಂದಿದೆಯಲ್ಲ?”

ಸಿಸ್ಟಮ್ಮಿನ ಸತ್ಯವನ್ನು ನಾನು ಬಲ್ಲೆ. ಗಡಿಯಂಚಿನ ಮಾರ್ಟಳ್ಳಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳು ಅಡುಗೆಮನೆಯಿಂದ ಹಿತ್ತಿಲಿಗೆ ಕಾಲಿಟ್ಟರೆ ಫೋನು ಟಣ್ ಎಂದು ‘ತಮಿಳುನಾಡಿಗೆ ಸ್ವಾಗತ’ ಎನ್ನುತ್ತದೆ. ಒಳಗೆ ಬಂದರೆ ‘ಕರ್ನಾಟಕಕ್ಕೆ ಸ್ವಾಗತ’. ಗುಡ್ಡದಾಚೆಯ ಟವರಿನ ಮಹಿಮೆ. ಒಮ್ಮೆ ಅವಳ ಆಫೀಸಿನ ಅಟೆಂಡೆನ್ಸ್ ಆ್ಯಪ್ ‘ರಾಜ್ಯದ ಹೊರಗೆ’ ಎಂದು ಗೈರುಹಾಜರಿ ಹಾಕಿತು. “ನಾನ್ ಎಲ್ಲೂ ಓಗಿರ್ನಿಲ್ಲ ಸಾ, ಬಟ್ಟೆ ಒಣಾಕಕ್ಕೆ ಓಗಿದ್ದೆ” ಎಂದು ಅವಳು ಬರೆದುಕೊಡಬೇಕಾಯಿತು. ಕೇಳಲು ತಮಾಷೆಯಾಗಿದೆ. ಆದರೆ ಫೋನಿನ ಸುಳ್ಳಿಗೆ ಸಮಜಾಯಿಷಿ ಕೊಡಬೇಕಾದವರು ಯಾವಾಗಲೂ ನಾವೇ. ಫೋನು ಒಮ್ಮೆಯಾದರೂ ಕ್ಷಮೆ ಕೇಳಿದೆಯೇ?

ಟ್ಯಾಬಿನವರು ಪರದೆ ಒತ್ತಿದರು, ಉಜ್ಜಿದರು, ಮತ್ತೆ ಒತ್ತಿದರು. ‘ತಪ್ಪು ಮಾಹಿತಿ’ ಎಂಬ ಆಯ್ಕೆಯೇ ಅದರಲ್ಲಿ ಇರಲಿಲ್ಲ. ದೂರು ಮುಗಿಸಲು ಇದ್ದ ದಾರಿ ಒಂದೇ. ಹೊಗೆ ಹಾಕಿದ ಫೋಟೊ, ಅದೂ ಮನೆಯ ಐವತ್ತು ಮೀಟರಿನೊಳಗೆ ತೆಗೆದದ್ದು.

“ಸಿದ್ದರಾಜು, ಸ್ಟಾರ್ಟ್ ಮಾಡಿ. ಒಂದು ಫೋಟೊಗೆ ಆಗೋಷ್ಟು ಹೊಗೆ ಸಾಕು.”

ಹುಳು ಮನೆಯ ಕಿಟಕಿಗೆ ಗಾಜಿಲ್ಲ, ಬಲೆ. ಬಲೆ ನೊಣವನ್ನು ನಿಲ್ಲಿಸುತ್ತದೆ. ಸೊಳ್ಳೆ ಸಾಯುವ ಹೊಗೆಯನ್ನು ನಿಲ್ಲಿಸುವುದಿಲ್ಲ. ಸೊಳ್ಳೆಗೆ ಸಾವು ತರುವ ಹೊಗೆಯಲ್ಲಿ ರೇಷ್ಮೆ ಹುಳು ಉಳಿಯುವುದೂ ಇಲ್ಲ.

ಚಿಕ್ಕವ್ವ ಹೋಗಿ ಹುಳು ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಕೈಗೆ, ರೋಗ ಬಾರದಂತೆ ಹೊಸ್ತಿಲಿಗೆ ಎರಚಿದ ಸುಣ್ಣದ ಪುಡಿ ಅಂಟಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಜನರ ಮುಂದೆ ನಿಲ್ಲುವುದು ನನಗೆ ಒಗ್ಗದ ಕೆಲಸ. ಬೀದಿಯ ನಾಲ್ಕು ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ನಿಂತೆ.

ಸಿದ್ದರಾಜು ಯಂತ್ರದ ಹಗ್ಗಕ್ಕೆ ಕೈ ಹಾಕಲಿಲ್ಲ.

“ನಾ ಆಕಲ್ಲ ಸಾ. ಜ್ವರದ್ ಮನೆ ಮುಂದೆ ಒಗೆ ಆಕ್ಬುಟ್ಟು ಓದ್ರೆ ನಮ್ಮವ್ವ ನಂಗೆ ಮುದ್ದೆ ಇಕ್ತಳಾ? ನೀವೇ ಎಳೀರಿ, ಬೇಕಾದ್ರೆ.”

ಟ್ಯಾಬಿನವರು ಎಳೆಯಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಕಟ್ಟೆಯ ಮೇಲೆ ಕೂತು, ಚಿಕ್ಕವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತ ದನಿ ತಗ್ಗಿಸಿ ಹೇಳಿದರು: “ನನ್ನ ಕಷ್ಟ ಬೇರೆ ಮೇಡಂ. ಈ ಟ್ಯಾಬ್ ಐದೈದು ನಿಮಿಷಕ್ಕೂ ನಾನೆಲ್ಲಿದ್ದೀನಿ ಅಂತ ಕಳಿಸ್ತಾ ಇರುತ್ತೆ. ಕಾಮಗೆರೆಯಲ್ಲಿ ಟೀಗೆ ನಿಂತ್ರೂ ಫೋನ್ ಬರುತ್ತೆ. ನಾಳೆ ಹನ್ನೊಂದರೊಳಗೆ ಇದು ಕ್ಲೋಸ್ ಆಗ್ಲಿಲ್ಲ ಅಂದ್ರೆ ಸಿಸ್ಟಮ್ಮು ತಾನಾಗೇ ಇನ್ನೊಂದು ಟೀಮ್ ಕಳ್ಸುತ್ತೆ. ಅವ್ರು ಸಿದ್ದರಾಜು ಥರ ಇರಲ್ಲ.”

ಹೇಳುತ್ತಲೇ ಪರದೆಯನ್ನು ಕೆಳಗೆ ಸರಿಸಿದರು. “ಇಲ್ಲಿ ಇನ್ನೊಂದು ಎಂಟ್ರಿ ಇದೆ ನೋಡಿ, ‘ಇತರೆ ಲಕ್ಷಣ’ ಅಂತ...” ಎಂದು ಒಂದು ಸಾಲನ್ನು ಗಟ್ಟಿಯಾಗಿ ಓದಿದರು.

ಅದು ನನ್ನ ಮಾತು. ಭಾನುವಾರ ಸಂಜೆ, ಹುಳುವಿನ ಮಾತು ಮುಗಿದ ಮೇಲೆ, ಚಿಕ್ಕವ್ವನಿಗೆ ಮಾತ್ರ ಹೇಳಿದ್ದು. ನನ್ನ ಅಮ್ಮನಿಗೂ ಗೊತ್ತಿರದಿದ್ದು. ಅದನ್ನು ಮಾತ್ರ ಆ ಆ್ಯಪ್ ಒಂದು ತಪ್ಪೂ ಇಲ್ಲದೆ ಬರೆದುಕೊಂಡಿತ್ತು. ನನ್ನ ಹಕಾರ ಸರಿಯಾಗಿದೆಯಲ್ಲ!

(ಏನು ಮಾತು ಎಂದು ಕೇಳಬೇಡಿ. ಒಮ್ಮೆ ಸೋರಿದ್ದು ಸಾಕು.)

ಸಿದ್ದರಾಜು ಎದ್ದು ಹೋಗಿ ಯಂತ್ರದ ಮುಚ್ಚಳ ಬಿಗಿಮಾಡತೊಡಗಿದರು. ಮುಚ್ಚಳ ಬಿಗಿಯಾಗಿಯೇ ಇತ್ತು. ಆ ಸೌಜನ್ಯವನ್ನು ನಾನು ಮರೆಯುವುದಿಲ್ಲ.

“ಆ ಸಾಲು ಅಳಿಸಿ,” ಎಂದೆ.

“ಅಳಿಸೋ ಆಪ್ಷನ್ ಇಲ್ಲ ಮೇಡಂ. ಆದ್ರೆ ಇದರಲ್ಲಿ ಅಂಥದ್ದೇನಿದೆ? ಮುಚ್ಚಿಡೋ ವಿಷಯ ಏನಲ್ಲವಲ್ಲ.”

ಈ ವಾಕ್ಯವನ್ನು ನೀವೂ ಕೇಳಿರುತ್ತೀರಿ. ಮುಚ್ಚಿಡುವುದೇನೂ ಇಲ್ಲದವರಿಗೆ ಭಯ ಯಾಕೆ? ಬಹಳ ಜಾಣ ಪ್ರಶ್ನೆ. ಇದಕ್ಕೆ ಇಷ್ಟು ದಿನ ನನ್ನ ಬಳಿ ಉತ್ತರ ಇರಲಿಲ್ಲ. ಅವತ್ತು ನಾನು ಬೆನ್ನು ಕೊಟ್ಟು ನಿಂತಿದ್ದ ಬಾಗಿಲೇ ಉತ್ತರವಾಗಿತ್ತು. ಹುಳು ಮನೆಯ ಬಾಗಿಲು ಹಾಕಿದ್ದು ಒಳಗೆ ಕಳ್ಳಮಾಲಿದೆಯೆಂದೇ? ಒಳಗೆ ಜೀವವೊಂದು ಚರ್ಮ ಬದಲಿಸುತ್ತಿದೆ, ಅಷ್ಟೇ. ಅದಕ್ಕೆ ಕತ್ತಲೆ ಬೇಕು, ಸದ್ದಿಲ್ಲದ ಒಂದೂವರೆ ದಿನ ಬೇಕು. ಆಮೇಲೆ ಅದೇ ಎದ್ದು ಬರುತ್ತದೆ. ನಡುವೆ ಬಾಗಿಲು ತೆಗೆದು ‘ಒಂದೇ ಒಂದು ಫೋಟೊ’ ಎಂದರೆ ಫೋಟೊ ಉಳಿಯುತ್ತದೆ, ಹುಳು ಉಳಿಯುವುದಿಲ್ಲ. ಮನುಷ್ಯರಿಗೂ ಜ್ವರಕ್ಕೆ ಕೂರುವ ದಿನಗಳಿರುತ್ತವೆ. ಆಗ ಆಡಿದ ಮಾತಿಗೆ ಜಗುಲಿ ಸಾಕು, ಸರ್ವರ್ ಬೇಡ.

ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಹೇಳುವ ಸ್ವಭಾವ ನನ್ನದಲ್ಲ. “ಕಚೇರಿ ಎಷ್ಟು ಗಂಟೆಗೆ ತೆಗೆಯುತ್ತದೆ?” ಎಂದಷ್ಟೇ ಕೇಳಿದೆ.

ಅವರು ಹೋದ ಮೇಲೆ ಚಿಕ್ಕವ್ವನ ಫೋನಿನಿಂದ ಆ್ಯಪ್ ತೆಗೆದುಹಾಕಿದೆ. ‘ಖಚಿತವೇ?’ ಎಂದು ಕೇಳಿತು. ‘ನಿಮ್ಮ ಆರೋಗ್ಯಕ್ಕೆ ಅಪಾಯವಾಗಬಹುದು’ ಎಂದಿತು. ಎರಡು ಸಲ ಹೂಂ ಎಂದೆ. ಈ ಸಲ ಬೆರಳೂ ನಮ್ಮದೇ, ಕೈಯೂ ನಮ್ಮದೇ.

“ಫೋನೇ ಬಿಸಾಕ್ಬುಡ್ಲಾ?” ಎಂದಳು ಚಿಕ್ಕವ್ವ.

“ಬೇಡ. ಅದು ನಿನ್ನದು. ನೀನು ಅದರದ್ದಲ್ಲ.”

“ಏನೋಪ್ಪ, ಓದ್ದೋರ್ ಮಾತು,” ಎಂದು ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಹೋದಳು.

ಮಂಗಳವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅವಳು ಹುಳು ಮನೆಯಿಂದ ಹೊರಬಂದು ಬಾಗಿಲನ್ನು ಹಿಂದಕ್ಕೆಳೆದುಕೊಂಡಳು. “ಎದ್ದೊ ಕಣವ್ವ. ಎಲ್ಲಾ ಎದ್ದೊ. ಸೊಪ್ಪು ಆಕ್ದೆ.” ಮುಖ ನೋಡಿದೆ. ಅದಕ್ಕಿಂತ ಹೆಚ್ಚಿನದನ್ನು ನನಗೂ ತೋರಿಸಲಿಲ್ಲ. ಇದು ಕಡೆಯ ಜ್ವರ; ಇನ್ನು ಏಳೆಂಟು ದಿನ ತಿಂದು ಹಣ್ಣಾಗಿ, ನೂಲು ಬಿಡಲು ಸಿದ್ಧವಾದರೆ ಗೂಡು. ಹನ್ನೊಂದಕ್ಕೆ ಇನ್ನೊಂದು ತಂಡ ಹೊರಟರೆ ಏನೂ ಇಲ್ಲ.

ಕೊಳ್ಳೇಗಾಲದ ಆ ಕಚೇರಿಗೆ ಹತ್ತೂ ಐದಕ್ಕೆ ತಲುಪಿದೆ. ರಾತ್ರಿಯೇ ಕೈಯಲ್ಲಿ ಎರಡು ಪ್ರತಿ ಬರೆದಿಟ್ಟ ಕಾಗದ. ಎರಡೇ ವಾಕ್ಯ. ಜ್ವರ ಹುಳುವಿನದು, ಆ ಮನೆಯ ಹತ್ತಿರ ಹೊಗೆ ಹಾಕಬಾರದು. ಜಗುಲಿಯಲ್ಲಿ ಕದ್ದು ಕೇಳಿದ ಮಾತುಗಳನ್ನು ಅಳಿಸಿ, ಅಳಿಸಿದ್ದೇವೆಂದು ಬರೆದುಕೊಡಬೇಕು.

ಮೇಜಿನ ಹಿಂದಿದ್ದವರು ಕಾಗದ ಮುಟ್ಟಲಿಲ್ಲ. “ಕಂಪ್ಲೇಂಟ್ ಎಲ್ಲಾ ಈಗ ಆ್ಯಪಲ್ಲೇ ಮೇಡಂ. ಮೈಕ್ ಒತ್ತಿ ಹೇಳ್ಬುಡಿ, ಅದೇ ಬರ್ಕೊಳ್ತದೆ.”

“ಅದು ಬರೆದುಕೊಂಡದ್ದಕ್ಕೇ ನಾನು ಬಂದಿರುವುದು.”

ಕಾಗದವನ್ನು ಅವರ ಕಂಪ್ಯೂಟರಿನ ಕೀಲಿಮಣೆಯ ಮೇಲಿಟ್ಟು ನಿಂತೆ. ಹಿಂದೆ ಸಾಲು ಬೆಳೆಯಿತು. ಯಾರೋ “ಬೇಗ ಮುಗ್ಸವ್ವ” ಎಂದರು. ಹತ್ತೂ ಇಪ್ಪತ್ತು. ಹತ್ತೂವರೆ. ಕೀಲಿಮಣೆ ಬೇಕಾಯಿತೇನೋ, ಕಡೆಗೆ ಕಾಗದ ಎತ್ತಿ ಓದಿದರು. ಓದುತ್ತ ತುಟಿಯಂಚಿನಲ್ಲಿ ನಕ್ಕರು. ಅವರ ಮನೆಯಲ್ಲೂ ಯಾರೋ ಹುಳು ಸಾಕುತ್ತಿರಬೇಕು. ಯಾರಿಗೋ ಫೋನ್ ಮಾಡಿ “ಮದುವ್ನಳ್ಳೀದು ಕ್ಯಾನ್ಸಲ್ ಮಾಡಿ, ಉಳ ಅಂತೆ” ಎಂದರು. ಹತ್ತೂ ಐವತ್ತಕ್ಕೆ ನನ್ನ ಪ್ರತಿಯ ಮೇಲೆ ಸೀಲು ಬಿತ್ತು. ಅಳಿಸುವ ಬಗ್ಗೆ ‘ಪರಿಶೀಲಿಸಲಾಗುವುದು’ ಎಂದು ಬರೆದರು. ‘ಎಷ್ಟು ದಿನದಲ್ಲಿ’ ಎಂದೂ ಬರೆಸಿದೆ.

“ನಿಮ್ಮ ಮೊಬೈಲ್ ನಂಬರ್ ಹೇಳಿ ಮೇಡಂ, ಒಂದು ಓಟಿಪಿ ಬರ್ತದೆ.”

ಹೇಳಲಿಲ್ಲ.